ಮಣ್ಣಿನ ಕುದುರೆ ಹೊಳೆ ದಾಟಿದ ವಾರ

ಮಿಡ್ಲ್ ಸ್ಕೂಲಿನ ಮಕ್ಕಳಿಗೆ ಓದಲು ಏನು ಕೊಡೋಣ ಎಂದು ಈಚೆಗೆ ಯಾರಾದರೂ ಕೇಳಿದರೆ, ಮಾಯಾಮಂತ್ರದ ಕಥೆ ಕೊಡಿ ಎನ್ನುತ್ತೇನೆ. ಒಂದೇ ಪುಸ್ತಕವಲ್ಲ, ಐದೋ ಎಂಟೋ ಭಾಗಗಳಿರುವ ಇಡೀ ಮಾಲೆಯನ್ನೇ ಕೊಡಿ ಎನ್ನುತ್ತೇನೆ. ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿದು ನನ್ನ ಮುಖ ನೋಡುತ್ತಾರೆ. ಅದು ಅವರ ತಪ್ಪಲ್ಲ. ಹುಣಿಸೇಮರದಲ್ಲಿ ದೆವ್ವವಿಲ್ಲ ಎಂದು ತೋರಿಸಲು ಅದರ ಬುಡದಲ್ಲೇ ಚಾಪೆ ಹಾಸಿಕೊಂಡು ಪರೀಕ್ಷೆಗೆ ಓದಿದವನು ಎಂದು ಹೊಳೆನರಸೀಪುರದಲ್ಲಿ ನನಗೆ ಹೆಸರಿದೆ. ಅಂಥವನು ಹಾರುವ ಕೋಟೆಯ ಕಥೆಯನ್ನು ಶಿಫಾರಸು ಮಾಡಿದರೆ ಯಾರಿಗಾದರೂ ಅನುಮಾನ ಬರುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಇದಕ್ಕೆ ನೇರ ವಿರುದ್ಧವಾದ ವಾದವನ್ನು ಹಾಸನದ ಒಂದು ಸಭೆಯಲ್ಲಿ ಮಂಡಿಸಿದ್ದೆ. ಒಳ್ಳೆಯ ವಾದ. ಇವತ್ತು ತಿರುಗಿಸಿ ನೋಡಿದರೂ ಅದರ ತರ್ಕದಲ್ಲಿ ಬಿರುಕು ಕಾಣುವುದಿಲ್ಲ. ಆ ವಾದಕ್ಕೆ ಸೋಲು ಬಂದದ್ದು ತರ್ಕದ ಕಡೆಯಿಂದ ಅಲ್ಲ.

ಆಗ ನಾನು ಹಾಸನದಲ್ಲಿ ಕಾಲೇಜು ಓದುತ್ತಿದ್ದೆ. ಚರ್ಚಾಸ್ಪರ್ಧೆ ನನ್ನ ಹುಚ್ಚು. ಪರವಾಗಿ ಮಾತಾಡಬೇಕೋ ವಿರೋಧವಾಗಿಯೋ ಎಂದು ಚೀಟಿ ಎತ್ತಿ ತಿಳಿಯುವುದು ಅಲ್ಲಿನ ಪದ್ಧತಿ. ಯಾವ ಚೀಟಿ ಬಂದರೂ ಷೀಲ್ಡು ನಮ್ಮ ಕಾಲೇಜಿಗೇ ಬರುತ್ತಿತ್ತು. ಶನಿವಾರ ರೈಲು ಹತ್ತಿ ಊರಿಗೆ ಬಂದರೆ ಮನೆಯಲ್ಲೂ ಅದೇ ಚಾಳಿ. ಅವ್ವ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಾಗ, ಆ ಲಿಂಗಕ್ಕೆ ನಿನ್ನ ಮಾತು ಕೇಳಿಸುತ್ತದಾ ಎಂದು ಒಮ್ಮೆ ಕೇಳಿದ್ದೆ. ಅವ್ವ ಕಣ್ಣು ಬಿಡಲಿಲ್ಲ. "ನಿನ್ ಮಾತೂ ಕೇಳುಸ್ತದೆ ಕಣಪ್ಪ, ಅದ್ಕೇ ಕಲ್ಲಾಗಿ ಕುಂತೈತೆ" ಅಂದಳು. ಆ ಮನೆಯಲ್ಲಿ ವಾದ ನನಗೊಬ್ಬನಿಗೇ ಬಂದದ್ದಲ್ಲ.

ಹಾಸನದ ಕೆಲವು ಹಿರಿಯರು ಸೇರಿ ಮಕ್ಕಳ ಪುಸ್ತಕಕ್ಕೆಂದು ಒಂದು ಸಣ್ಣ ಸಮಿತಿ ಕಟ್ಟಿದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರಿಗೂ ಒಂದೊಂದು ತಗಡಿನ ಪೆಟ್ಟಿಗೆ ತುಂಬ ಪುಸ್ತಕ ಕೊಡುವುದು, ಐದರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಓದಿಸುವುದು ಅವರ ಉದ್ದೇಶ. ಸಮಿತಿಯಲ್ಲಿ ಒಬ್ಬ ವಕೀಲರು, ಒಬ್ಬ ಆಲೂಗೆಡ್ಡೆ ಮಂಡಿಯ ಯಜಮಾನರು, ಸಾಲಗಾಮೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಒಬ್ಬ ನಿವೃತ್ತ ಹೆಡ್ಮಾಸ್ಟರು ಇದ್ದರು. ಮಾತು ಬಲ್ಲ ಹುಡುಗ, ಬರವಣಿಗೆಯೂ ದುಂಡಗಿದೆ ಎಂದು ನನ್ನನ್ನು ಕಾರ್ಯದರ್ಶಿ ಮಾಡಿಕೊಂಡರು. ಯಾವ ಪುಸ್ತಕ ಕೊಳ್ಳಬೇಕೆಂದು ಸಲಹೆ ಕೊಡುವುದು, ಭಾನುವಾರ ಒಂದೊಂದು ಊರಿಗೆ ಹೋಗಿ ಮಕ್ಕಳಿಗೆ ಇಂಥದ್ದು ಓದಿ ಎಂದು ಹೇಳುವುದು ನನ್ನ ಕೆಲಸ. ಬಸ್ ಚಾರ್ಜು ಸಮಿತಿಯದು.

ನಾನು ಹೇಳಿದ್ದು ಉಗಿಬಂಡಿ ಹೇಗೆ ಓಡುತ್ತದೆ, ಗ್ರಹಣ ಏಕೆ ಹಿಡಿಯುತ್ತದೆ, ಧ್ರುವಪ್ರದೇಶಕ್ಕೆ ಹೋದವರು ಏನು ತಿಂದರು, ಇಂಥ ಪುಸ್ತಕಗಳನ್ನು. ಹೆಡ್ಮಾಸ್ಟರು ತಂದದ್ದು ಬಟ್ಟೆಯ ಚೀಲದಲ್ಲಿ ಎಂಟು ತೆಳು ಪುಸ್ತಕ. ಒಂದೇ ಕಥೆ, ಎಂಟು ಭಾಗ. ಒಂದು ಊರಿನ ಮಳೆಯನ್ನು ಯಾರೋ ಕದ್ದು ಆಕಾಶದಲ್ಲಿ ತೇಲುವ ಕೋಟೆಯೊಳಗೆ ಬೀಗ ಹಾಕಿ ಇಟ್ಟಿದ್ದಾರೆ. ಕುಂಬಾರರ ಹುಡುಗಿಯೊಬ್ಬಳು ಜೇಡಿಮಣ್ಣಿನಲ್ಲಿ ಕುದುರೆ ಮಾಡುತ್ತಾಳೆ. ಅದಕ್ಕೆ ಜೀವ ಬರುತ್ತದೆ. ಅವಳು ಅದನ್ನೇರಿ ಮಳೆ ಬಿಡಿಸಿಕೊಂಡು ಬರಲು ಹೊರಡುತ್ತಾಳೆ.

ಮೊದಲ ಭಾಗದ ಅರ್ಧ ಮಾತ್ರ ಓದಿ ನಾನು ಎದ್ದು ನಿಂತೆ. ಮಣ್ಣಿನ ಕುದುರೆ ಹುಲ್ಲು ತಿಂದರೆ ಆ ಹುಲ್ಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಮಾಟ ಮಂತ್ರ ನಂಬಿಯೇ ಅರ್ಧ ಹಾಳಾಗಿರುವ ಊರುಗಳಿಗೆ ಇನ್ನಷ್ಟು ಮಂತ್ರವನ್ನು ಬಸ್ಸಿನ ಮೇಲೆ ಹಾಕಿ ಕಳಿಸಬೇಕೇ ಎಂದು ಕೇಳಿದೆ. ವಕೀಲರು ತಲೆದೂಗಿದರು. ಹೆಡ್ಮಾಸ್ಟರು ಮಾತ್ರ, "ಚೆನ್ನಾಗಿ ಮಾತಾಡ್ತೀಯಪ್ಪ. ಉಳಿದಿದ್ದೂ ಓದಿದ್ರೆ ಇನ್ನೂ ಚೆನ್ನಾಗಿ ಮಾತಾಡ್ತಿದ್ದೆ" ಎಂದರು. ಕೈ ಎತ್ತಿಸಿದಾಗ ನಾನು ಸೋತೆ. ತಲೆದೂಗಿದ ವಕೀಲರ ಕೈಯೂ ಅತ್ತಲೇ ಎದ್ದಿತ್ತು.

ಗೆದ್ದ ಹೆಡ್ಮಾಸ್ಟರು ಸಾಲಗಾಮೆ ಬಸ್ಸು ತಪ್ಪುತ್ತದೆಂದು ಎದ್ದು ಹೋದರು. ಎಡವಟ್ಟಾದದ್ದು ಅವರು ಹೋದ ಮೇಲೆ. ಎಂಟೂ ಭಾಗ ಒಂದೇ ಊರಿಗೆ ಹೋದರೆ ಮಿಕ್ಕ ಮೂರು ಊರಿನವರು ಏನಂದಾರು ಎಂಬ ಮಾತು ಬಂತು. ಹಾಸನದವರು ಎಲ್ಲವನ್ನೂ ಇಟ್ಟುಕೊಂಡರು ಎಂದು ಚನ್ನರಾಯಪಟ್ಟಣದವರು ಮೊದಲೇ ಗೊಣಗುತ್ತಿದ್ದರು. ಮಂಡಿ ಯಜಮಾನರು ಮೂಟೆ ಹಂಚಿ ಪಳಗಿದ ಕೈಯವರು, ತಕ್ಷಣ ತೀರ್ಪು ಕೊಟ್ಟರು: "ಎಂಟು ಪುಸ್ತಕ, ನಾಲ್ಕೂರು. ಊರಿಗೆರಡು. ಯಾರ್ಗೂ ಎಚ್ಚಿಲ್ಲ, ಕಮ್ಮಿಯಿಲ್ಲ." ಎಲ್ಲರಿಗೂ ಸಮಾಧಾನವಾಯಿತು. ನನಗೂ. ಕಥೆಯೊಂದನ್ನು ಹೀಗೆ ಕುಂಬಳಕಾಯಿ ಹೆಚ್ಚಿದಂತೆ ಹೆಚ್ಚಿ ಹಂಚಿದ್ದು ಅಲ್ಲಿ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಅಲ್ಲಿದ್ದ ಯಾರೂ ಅದನ್ನು ಪೂರ್ತಿ ಓದಿರಲಿಲ್ಲ. ಒಂದು ಎರಡು ಅರಕಲಗೂಡಿಗೆ, ಮೂರು ನಾಲ್ಕು ಹೊಳೆನರಸೀಪುರಕ್ಕೆ, ಐದು ಆರು ಚನ್ನರಾಯಪಟ್ಟಣಕ್ಕೆ, ಏಳು ಎಂಟು ಹಾಸನಕ್ಕೆ. ನ್ಯಾಯ ಇನ್ನೂ ಗಟ್ಟಿಯಾಗಲಿ ಎಂದು ನಾನೇ ಒಂದು ನಿಯಮ ಬರೆದೆ: ಒಂದು ಊರಿನ ಪುಸ್ತಕ ಯಾವ ಕಾರಣಕ್ಕೂ ಇನ್ನೊಂದು ಊರಿಗೆ ಹೋಗತಕ್ಕದ್ದಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ನನ್ನ ತಂಗಿಗೆ ಜ್ವರ ಬಂತು. ಅವಳಿಗೆ ಹನ್ನೊಂದು ವರ್ಷ, ಆರನೇ ಕ್ಲಾಸು. ಓಡದೆ ನಡೆದದ್ದನ್ನು ಯಾರೂ ನೋಡಿರದ ಹುಡುಗಿ. ಅಪ್ಪನ ಜವಳಿ ಅಂಗಡಿಗೆ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗುವುದೂ ಓಡಿಕೊಂಡೇ. ಜ್ವರ ಬಿಟ್ಟಿತು, ಆದರೆ ಮಂಡಿ, ಮಣಿಕಟ್ಟು ಒಂದಾದ ಮೇಲೊಂದು ಊದಿಕೊಂಡವು. ಹಾಸನದ ಆಸ್ಪತ್ರೆಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅಪ್ಪನಿಗೆ, ಕೀಲಿನ ಜ್ವರ ಹೃದಯಕ್ಕೂ ತಗುಲಿದೆ ಎಂದರು. ಔಷಧಿ ಇದೆ, ಆದರೆ ಔಷಧಿಗಿಂತ ದೊಡ್ಡದು ವಿಶ್ರಾಂತಿ. ಉಗಾದಿ ಕಳೆಯುವವರೆಗೆ ಮಂಚ ಬಿಟ್ಟು ಇಳಿಯಕೂಡದು. ಬಚ್ಚಲಿಗೂ ಎತ್ತಿಕೊಂಡೇ ಹೋಗಬೇಕು. ಸುಮ್ಮನೆ ಮಲಗಿದರೆ ಹೃದಯ ತಾನಾಗಿ ಸರಿಹೋದೀತು. ಮಲಗದಿದ್ದರೆ ಈ ಕಾಯಿಲೆ ಜೀವಮಾನ ಪೂರ್ತಿ ಜೊತೆಗಿರುತ್ತದೆ. ಡಾಕ್ಟರು ಜೀವಮಾನ ಎಂದರು, ಅದು ಎಷ್ಟು ಉದ್ದ ಎಂದು ಹೇಳಲಿಲ್ಲ.

ಈ ಹುಡುಗಿಯನ್ನು ಮಲಗಿಸುವುದು ಹೇಗೆ? ಅವ್ವ ಹಿತ್ತಲಿಗೆ ಹೋದ ಹೊತ್ತು ನೋಡಿ ಎದ್ದು ಬೀದಿಗಿಳಿದು ಕುಂಟಾಬಿಲ್ಲೆ ಆಡಿ ಬಂದಳು. ಸಂಜೆಗೆ ಮತ್ತೆ ಜ್ವರ, ಕಾಲಿನ ಹರಡು ಊದಿ ಮಡಕೆಯಂತಾಯಿತು. ಅಪ್ಪ ಅಂಗಡಿಯನ್ನು ಗುಮಾಸ್ತನಿಗೆ ಬಿಟ್ಟು ಮಂಚದ ಪಕ್ಕ ಕೂತರು. ಅವರು ಮಾತು ಬಾರದ ಮನುಷ್ಯ. ಮಗಳ ಪಾದ ಹಿಡಿದುಕೊಂಡು ಕೂರುವುದೊಂದೇ ಅವರಿಗೆ ತಿಳಿದದ್ದು. ಹಳೇ ಸೀರೆಯಲ್ಲಿ ಮಂಚಕ್ಕೆ ಕಟ್ಟಿಬಿಡಲೇ ಎಂದು ಅವ್ವ ನನ್ನನ್ನು ಕೇಳಿದಳು, ಕೇಳಿ ತಾನೇ ಅತ್ತಳು.

ನನ್ನ ಪಾಲಿನ ಸೇವೆಯೆಂದು ನಾನು ಉಗಿಬಂಡಿಯ ಪುಸ್ತಕ ತಂದುಕೊಟ್ಟೆ. ಮುಂದಿನ ಶನಿವಾರ ಬಂದು ನೋಡಿದರೆ ಅದು ಮಂಚದ ಕಾಲಿನ ಕೆಳಗಿತ್ತು. "ಮಂಚ ಅಲ್ಲಾಡ್ತಿತ್ತು ಕಣಣ್ಣ, ಈಗ ಸರಿಯಾಯ್ತು. ಒಳ್ಳೆ ಪುಸ್ತಕ" ಅಂದಳು.

ಆ ಶನಿವಾರವೇ ಅವ್ವ ನನ್ನನ್ನು ಅಡುಗೆಮನೆಗೆ ಕರೆದು, ಹುಡುಗಿ ಎರಡು ದಿನದಿಂದ ಅಲ್ಲಾಡಿಲ್ಲ, ನನಗೆ ಭಯವಾಗುತ್ತಿದೆ ಎಂದು ಪಿಸುಗುಟ್ಟಿದಳು. ಭಯಪಡುವಂಥದ್ದೇನಿರಲಿಲ್ಲ. ಸ್ಕೂಲಿನ ಪೆಟ್ಟಿಗೆಯಿಂದ ಅವಳ ಗೆಳತಿ ಕುಂಬಾರರ ಹುಡುಗಿಯ ಕಥೆಯ ಮೂರು ನಾಲ್ಕನೆಯ ಭಾಗ ತಂದುಕೊಟ್ಟಿದ್ದಳು. ಮಂಚದ ಮೇಲೆ ಕಾಲು ಚಾಚಿ, ಪುಸ್ತಕವನ್ನು ಎದೆಯ ಮೇಲೆ ನಿಲ್ಲಿಸಿಕೊಂಡು, ಆ ಎದೆ ಏರಿ ಇಳಿದಾಗ ಪುಸ್ತಕವೂ ಏರಿ ಇಳಿಯುತ್ತ, ತಂಗಿ ಓದುತ್ತಿದ್ದಳು. ಅವಳು ಅಷ್ಟು ಹೊತ್ತು ಒಂದೇ ಕಡೆ ಇದ್ದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಕಥೆಯ ನಡುವಿನಿಂದ ಶುರುಮಾಡಿದರೆ ಮಗುವಿಗೆ ಅರ್ಥವಾಗುತ್ತದೆಯೇ ಎಂದು ನನ್ನನ್ನು ಕೇಳುವವರಿದ್ದಾರೆ. ಆಗುತ್ತದೆ. ನಾವೆಲ್ಲ ಭೂಮಿಗೆ ಬಂದದ್ದೂ ಕಥೆಯ ನಡುವಿಗೇ ಅಲ್ಲವೇ? ಹಿಂದೆ ಏನಾಯಿತೆಂದು ಅಜ್ಜಿಯರನ್ನು ಕೇಳಿ ತಿಳಿದುಕೊಂಡೆವು. ನನ್ನ ತಂಗಿಗೆ ಆ ಅಜ್ಜಿ ಸಿಕ್ಕಿರಲಿಲ್ಲ, ಅಷ್ಟೆ. ನಾಲ್ಕನೆಯ ಭಾಗ ಮುಗಿಸಿ, ಒಂದನೆಯದು ಎಲ್ಲಿ, ಐದನೆಯದು ಎಲ್ಲಿ ಎಂದು ಕೇಳಿದಳು. ಒಂದು ಅರಕಲಗೂಡಲ್ಲಿ, ಇನ್ನೊಂದು ಚನ್ನರಾಯಪಟ್ಟಣದಲ್ಲಿ ಎಂದೆ.

"ತಕಂಬಾ ಮತ್ತೆ."

ತರುವ ಹಾಗಿಲ್ಲ, ನಿಯಮವಿದೆ ಎಂದೆ.

"ಯಾರ್ ಮಾಡಿದ್ದು ಆ ರೂಲ್ಸು?"

ಅಡುಗೆಮನೆಯಿಂದ ಅವ್ವ, "ಇನ್ಯಾರು, ಈ ಪುಣ್ಯಾತ್ಮನೇ ಮಾಡಿರ್ತಾನೆ" ಎಂದಳು. ನಿಯಮ ಒಬ್ಬರಿಗೆ ಸಡಿಲವಾದರೆ ಎಲ್ಲರಿಗೂ ಸಡಿಲವಾಗುತ್ತದೆ, ಸ್ವಂತ ತಂಗಿಗೆಂದು ಮುರಿದರೆ ಅದಕ್ಕಿಂತ ಹೀನ ಬೇರಿಲ್ಲ ಎಂದು ನಾನು ವಿವರಿಸುತ್ತಿದ್ದೆ. ತಂಗಿ ಪೂರ್ತಿ ಕೇಳಿದಳು. ಕೇಳಿ, "ಅಂಗಾರೆ ನಾನೇ ಅರಕಲಗೂಡ್ಗೆ ಓಗ್ಬತ್ತೀನಿ" ಎಂದು ಹೊದಿಕೆ ಸರಿಸಿ ಒಂದು ಕಾಲನ್ನು ನೆಲಕ್ಕಿಟ್ಟಳು. ಸಣಕಲು ಕಾಲು, ಹರಡಿನಲ್ಲಿ ಇನ್ನೂ ಊತ. ನನ್ನ ವಾದ ಅಲ್ಲಿಗೆ ನಿಂತಿತು. ನಾನು ಅಲ್ಲೇ ಕೂತು ಓದಿಕೊಂಡು ಬಂದು ನಿನಗೆ ಬಾಯಲ್ಲಿ ಹೇಳುತ್ತೇನೆ, ಕಾಲು ಮೇಲಿಡು ಎಂದೆ. ಕಾಲು ಮೇಲೆ ಹೋಯಿತು.

ಮರುದಿನ ಅರಕಲಗೂಡಿನ ಬಸ್ಸಿನಲ್ಲಿ ರುದ್ರಪಟ್ಟಣದ ವಿದ್ವಾಂಸರೊಬ್ಬರು ಕೌದಿ ಸುತ್ತಿದ ತಂಬೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ಪಕ್ಕ ಕೂತಿದ್ದರು. ರಸ್ತೆಯ ಹಳ್ಳ ಬಂದಾಗಲೆಲ್ಲ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಎದೆ ಸರಿಯಿಲ್ಲದ ಮಗುವನ್ನು ಹೀಗೇ ಸಾಗಿಸಬೇಕಾಗುತ್ತದೆ ಎನಿಸಿತು. ಅರಕಲಗೂಡಿನ ಮಕ್ಕಳು ಒಂದು ಎರಡನೆಯ ಭಾಗಗಳನ್ನು ಓದಿ ಓದಿ ರಟ್ಟು ಕಿತ್ತಿದ್ದರು. ಮುಂದೇನಾಯಿತೆಂದು ಅವರಿಗೆ ಗೊತ್ತಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಾವೇ ಒಂದೊಂದು ಮುಂದಿನದನ್ನು ಕಟ್ಟಿಕೊಂಡು ಅದೇ ನಿಜವೆಂದು ಹೊಡೆದಾಡುತ್ತಿದ್ದರು. ನಾನು ಬೆಂಚಿನ ಮೇಲೆ ಕೂತು ಎರಡನ್ನೂ ಓದಿ ಏಳುವಾಗ ಜಡೆ ಹೆಣೆದ ಒಬ್ಬ ಹುಡುಗಿ ಬಾಗಿಲಿಗೆ ಅಡ್ಡ ನಿಂತು, "ನಮ್ಮೂರ್ದು ಪುಗಸಟ್ಟೆ ಓದ್ಕಂಡ್ ಓಗ್ತೀರಾ ಸಾ? ನಿಮ್ಮೂರ್ದು ಯೋಳಿ" ಎಂದಳು. ಮೂರು ನಾಲ್ಕನೆಯ ಭಾಗವನ್ನು ಹಿಂದಿನ ರಾತ್ರಿ ತಂಗಿಯ ಬಾಯಲ್ಲಿ ಕೇಳಿದ್ದೆ, ಅಷ್ಟನ್ನು ಹೇಳಿಯೇ ಹೊರಬಿದ್ದೆ. ಮಂತ್ರದ ಕಥೆಯನ್ನು ಬಸ್ಸಿನಲ್ಲಿ ಕಳಿಸಬಾರದೆಂದು ವಾದಿಸಿದವನು, ಟಿಕೆಟ್ ತೆಗೆದುಕೊಂಡು ತಾನೇ ಅದನ್ನು ಹೊತ್ತು ತಿರುಗುವವನಾದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಂಚದ ಪಕ್ಕ ನನ್ನ ಕಥೆ. ನನಗೆ ಕಥೆ ಹೇಳಲು ಬರುತ್ತಿರಲಿಲ್ಲ, ಬರುತ್ತಿದ್ದುದು ಖಂಡಿಸಲು. ಕುದುರೆ ಹುಲ್ಲು ತಿಂದಿತು ಎಂದ ಕೂಡಲೇ ಮಣ್ಣಿನ ಹೊಟ್ಟೆಯಲ್ಲಿ ಜೀರ್ಣರಸ ಎಲ್ಲಿಂದ ಬಂತು ಎನ್ನುವೆ. ಕೋಟೆ ತೇಲಿತು ಎಂದರೆ ಭಾರದ ವಿಷಯ ತೆಗೆಯುವೆ. ತಂಗಿ ಎರಡು ಮಾತು ಸಹಿಸಿದಳು. ಆಮೇಲೆ ತಲೆದಿಂಬಿನ ಪಕ್ಕದ ಹಿತ್ತಾಳೆ ಲೋಟ, ಔಷಧಿಯ ಚಮಚ ಕೈಗೆ ತೆಗೆದುಕೊಂಡು, ಚರ್ಚಾಸ್ಪರ್ಧೆಯಲ್ಲಿ ಗಂಟೆ ಹೊಡೆಯುತ್ತಾರೆ ಎಂದು ನೀನೇ ಹೇಳಿದ್ದೆಯಲ್ಲ, ಇಗೋ ಎಂದಳು. ಒಂದು ಸಲ ಬಾರಿಸಿದರೆ ಎಚ್ಚರಿಕೆ. ಎರಡು ಸಲ ಬಾರಿಸಿದರೆ ತಕರಾರು ನಿಲ್ಲಿಸಿ ಕಥೆಗೆ ಬರಬೇಕು. ನನ್ನ ಕಡೆಯಿಂದಲೂ ಒಂದು ಷರತ್ತು: ಕಥೆ ನಡೆಯುವಾಗ ಕಾಲು ಆಡಿಸಿದರೆ ಕಥೆ ಅಲ್ಲಿಗೇ ನಿಲ್ಲುತ್ತದೆ. ಇಬ್ಬರೂ ಒಪ್ಪಿದೆವು. ಆ ಲೋಟದ ಸದ್ದು ನಮ್ಮ ಮನೆಯಲ್ಲಿ ಅವ್ವನ ಪೂಜೆಯ ಗಂಟೆಗಿಂತ ಹೆಚ್ಚು ಕೇಳಿಸತೊಡಗಿತು.

ಕೋಟೆಗೆ ಆಧಾರವೇನು ಎಂದು ನಾನು ಕೇಳಿದ ದಿನ ಅವಳು, "ಹೊಳೆ ಮ್ಯಾಲೆ ಮೋಡ ಯಾವ್ ಕಂಬದ್ಮೇಲೆ ನಿಂತೈತೆ?" ಎಂದಳು. ಆವಿ, ಗಾಳಿ ಎಂದು ನಾನು ಶುರುಮಾಡುವಷ್ಟರಲ್ಲಿ ಲೋಟ ಎರಡು ಸಲ ಬಾರಿಸಿದಳು. ಆದರೆ ಅವಳು ಸುಮ್ಮನೆ ನಂಬುವವಳೂ ಅಲ್ಲ. ಮೂರನೆಯ ಭಾಗದಲ್ಲಿ ಕುದುರೆ ಇಬ್ಬನಿಗೆ ಹೆದರಿ ಬಿಸಿಲೇರುವ ತನಕ ಕಾಯುತ್ತದೆ. ಹಾಗಾದರೆ ನೀನು ಹೇಳಿದ ಎರಡನೆಯ ಭಾಗದಲ್ಲಿ ಮುಂಜಾನೆಯೇ ಹೇಗೆ ಹೊರಟಿತು ಎಂದು ಹಿಡಿದಳು. ಇಬ್ಬನಿ ಹತ್ತದಂತೆ ಕುದುರೆಯ ಮೈಗೆ ಎಣ್ಣೆ ಬಳಿದಿದ್ದ ಮಾತನ್ನು ನಾನು ಬಿಟ್ಟಿದ್ದೆ. ಅದನ್ನು ಸೇರಿಸಿದ ಮೇಲೇ ಮುಂದಕ್ಕೆ ಬಿಟ್ಟಳು. ನಾನು ವೇದಿಕೆಯ ಮೇಲೆ ಮಾಡುತ್ತಿದ್ದುದನ್ನೇ ಅವಳು ದಿಂಬಿನ ಮೇಲೆ ಮಾಡುತ್ತಿದ್ದಳು. ಒಳ್ಳೆಯ ಮಾಯಾಕಥೆ ಮಗುವನ್ನು ಮರುಳು ಮಾಡುತ್ತದೆ ಎನ್ನುವವರು ಅದನ್ನು ಹನ್ನೊಂದು ವರ್ಷದವರ ಎದುರು ಹೇಳಿ ನೋಡಬೇಕು. ನಮ್ಮ ಲೋಕದ ಕಾನೂನನ್ನು ಮುರಿದರೆ ಅವರು ಕ್ಷಮಿಸುತ್ತಾರೆ, ಆ ಲೋಕದ ಕಾನೂನನ್ನು ಮುರಿದರೆ ಬಿಡುವುದಿಲ್ಲ. ಯಾವ ಮಾಲೆ ಒಳ್ಳೆಯದು ಎಂದು ಆರಿಸಲು ನನಗೆ ಇವತ್ತಿಗೂ ಇದಕ್ಕಿಂತ ನಂಬಿಕೆಯ ಒರೆಗಲ್ಲು ಗೊತ್ತಿಲ್ಲ.

ಐದನೆಯ ಭಾಗವನ್ನು ಸಂಕ್ರಾಂತಿಯ ಹೊತ್ತಿಗೆ ಹೇಳಿ ಮುಗಿಸಿದೆ. ಆರನೆಯದನ್ನು ಓದಲು ಮತ್ತೆ ಚನ್ನರಾಯಪಟ್ಟಣಕ್ಕೆ ಹೋದೆ. ಪೆಟ್ಟಿಗೆ ಇದ್ದ ಕೋಣೆಯ ಜಗುಲಿಯಲ್ಲಿ ಮಕ್ಕಳು ಗೋಲಿ ಆಡುತ್ತ ಕಿರುಚುತ್ತಿದ್ದರು. ಆರನೆಯ ಭಾಗದ ಕೊನೆಗೆ ಹುಡುಗಿಯನ್ನು ಹಿಡಿಯಲು ಕೋಟೆಯವರು ಬೆನ್ನಟ್ಟುತ್ತಾರೆ. ಎದುರಿಗೆ ಹೊಳೆ. ಇಬ್ಬನಿಗೂ ಹೆದರುತ್ತಿದ್ದ ಕುದುರೆ, ಅವಳನ್ನು ಬೆನ್ನ ಮೇಲಿಟ್ಟುಕೊಂಡು ನೀರಿಗಿಳಿಯುತ್ತದೆ. ನಡುಹೊಳೆಯಲ್ಲಿ ಕಾಲು ಮೆತ್ತಗಾಗುತ್ತದೆ. ಆಚೆ ದಡ ಮುಟ್ಟುವಾಗ ಉಳಿದಿರುವುದು ಕತ್ತು ಮಾತ್ರ. ಅವಳು ದಡ ಹತ್ತಿದ ಮೇಲೆ ಅದೂ ಇಲ್ಲ. ಅವಳ ಮುಷ್ಟಿಯಲ್ಲಿ ಕುದುರೆಯ ಕತ್ತಿನ ಕೂದಲಾಗಿದ್ದ ಒಂದು ಹಿಡಿ ಜೇಡಿ.

ನಾನು ತಲೆ ಎತ್ತಿದಾಗ ಜಗುಲಿಯಲ್ಲಿ ಸದ್ದೇ ಇರಲಿಲ್ಲ. ಗೋಲಿ ಆಡುತ್ತಿದ್ದವರಲ್ಲಿ ಒಬ್ಬಳು ಒಳಗೆ ಇಣುಕಿ ನಾನು ಯಾವ ಪುಸ್ತಕದ ಯಾವ ಪುಟದಲ್ಲಿದ್ದೇನೆಂದು ನೋಡಿ ಹೋಗಿದ್ದಳು. "ಆರ್ನೇದು ಕಡೇಗ್ ಬಂದವ್ರೆ, ಮಾತಾಡ್ಬ್ಯಾಡ್ರಲಾ" ಎಂದು ಅವಳು ಹೊರಗೆ ಹೇಳಿದ್ದು ನನಗೆ ಕೇಳಿಸಿತ್ತು. ಆ ಊರಿನ ಮಕ್ಕಳಿಗೆಲ್ಲ ಅಲ್ಲಿ ಏನಾಗುತ್ತದೆಂದು ಗೊತ್ತು. ದೊಡ್ಡವನೊಬ್ಬ ಅದನ್ನು ದಾಟುವವರೆಗೆ ಅವರು ಆಟ ನಿಲ್ಲಿಸಿ ಕಾದರು.

ವಾಪಸು ಬರುವ ಬಸ್ಸಿನಲ್ಲಿ ಹೇಳಬೇಕೇ ಬೇಡವೇ ಎಂದು ನನ್ನೊಳಗೇ ಎರಡು ಪಕ್ಷ ಕಟ್ಟಿದೆ. ಹೇಳಬೇಕು ಎನ್ನುವ ಪಕ್ಷ ಬಲವಾಗಿತ್ತು: ಅವಳು ಸುಳ್ಳನ್ನು ಸಹಿಸುವವಳಲ್ಲ. ಇನ್ನೊಂದು ಪಕ್ಷಕ್ಕೆ ಒಂದೇ ಮಾತಿತ್ತು. ಮನಸ್ಸಿಗೆ ಆಘಾತವಾಗುವಂಥದ್ದೇನೂ ಬೇಡ ಎಂದು, ತಿಂಗಳಿಗೊಮ್ಮೆ ಸೂಜಿ ಹಾಕಲು ಮನೆಗೆ ಬರುತ್ತಿದ್ದ ಕಾಂಪೌಂಡರು ಹೇಳಿದ್ದರು. ಊರು ಬರುವಷ್ಟರಲ್ಲಿ ಬಲವಾದ ಪಕ್ಷ ಸೋತಿತು.

ಆ ಸಂಜೆ ಹೇಳಿದೆ. ಕುದುರೆ ನೀರಿಗಿಳಿಯಿತು. ಈಜಿತು. ಆಚೆ ದಡ ಹತ್ತಿತು. ಮೈ ಕೊಡವಿಕೊಂಡು ಕೆನೆಯಿತು. ಹುಡುಗಿ ಅದರ ಕತ್ತು ತಬ್ಬಿಕೊಂಡಳು. ಆರನೆಯದು ಮುಗಿಯಿತು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವ್ವ, ಸದ್ಯ ದಾಟಿತಲ್ಲ ಎಂದು ಒಳಗೆ ಹೋದಳು. ತಂಗಿ ಚಮಚವನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅದನ್ನು ಲೋಟದೊಳಗೆ ಸದ್ದಾಗದಂತೆ ಇಟ್ಟು, ಇವತ್ತಿಗೆ ಸಾಕು ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಸಮಾಧಾನವಾಯಿತೆಂದು ನಾನು ತಿಳಿದೆ.

ಮುಂದಿನ ವಾರ ಏಳನೆಯದನ್ನು ಓದಿಕೊಂಡು ಬರಲೇ ಎಂದರೆ ಬೇಡ ಅಂದಳು. "ಏಳು ಎಂಟು ಹಾಸನ್ದಲ್ಲವೆ ಅಲ್ವಾ? ಡಾಕ್ಟ್ರ ತಾವ ಓಗೋದೈತಲ್ಲ, ಅವಾಗ ನಾನೇ ಓದ್ತೀನಿ. ನೀನ್ ಯೋಳ್ಬ್ಯಾಡ." ಅಂದಿನಿಂದ ಅವಳನ್ನು ಮಲಗಿಸಲು ಯಾರೂ ಕಾವಲು ಕೂರಬೇಕಾಗಲಿಲ್ಲ. ಅಪ್ಪ ಅಂಗಡಿಗೆ ಹೋಗತೊಡಗಿದರು. ಬೀದಿಯಲ್ಲಿ ಕುಂಟಾಬಿಲ್ಲೆಯ ಸದ್ದಾದಾಗ ಅವಳ ಕಾಲ್ಬೆರಳು ಹೊದಿಕೆಯೊಳಗೆ ಆಡುವುದು ಕಾಣುತ್ತಿತ್ತು, ಕಾಲು ಆಡುತ್ತಿರಲಿಲ್ಲ. ಆರನೆಯ ಭಾಗದವರೆಗೆ ಕಥೆ ಅವಳನ್ನು ಮಲಗಿಸಿತ್ತು. ಈಗ ಕಥೆಗಾಗಿ ಅವಳೇ ಮಲಗಿದ್ದಳು.

ನಾನು ಮಾತ್ರ ಮೆತ್ತಗಾದೆ. ಹಾಸನದ ಪೆಟ್ಟಿಗೆ ತೆರೆದು ಏಳನೆಯ ಭಾಗ ನೋಡಿದರೆ ಮೊದಲ ಪುಟದಲ್ಲೇ ಹುಡುಗಿ ಆ ಹಿಡಿ ಜೇಡಿಯನ್ನು ಸೆರಗಿಗೆ ಕಟ್ಟಿಕೊಂಡು ಅಳುತ್ತ ಕೂತಿದ್ದಾಳೆ. ಪುಸ್ತಕ ಕಳೆದುಹೋಗಿದೆ ಎನ್ನಲೇ, ಆ ಹಾಳೆ ಹರಿದಿದೆ ಎನ್ನಲೇ ಎಂದೆಲ್ಲ ಯೋಚಿಸಿದೆ. ಒಂದು ಸುಳ್ಳನ್ನು ನಿಲ್ಲಿಸಲು ಎಷ್ಟು ಆನಿಕೆಗಳು ಬೇಕು ಎಂದು ತಿಳಿಯದ ಚರ್ಚಾಪಟುವಲ್ಲ ನಾನು.

ಉಗಾದಿ ಕಳೆದ ಮೇಲೆ ಅವಳನ್ನು ಸ್ಟೇಷನ್ನಿಗೆ ಗಾಡಿಯಲ್ಲಿ, ಗಾಡಿಯಿಂದ ರೈಲಿಗೆ ಅಪ್ಪನ ತೋಳಲ್ಲಿ ಸಾಗಿಸಿದೆವು. ಡಾಕ್ಟರು ಎದೆಯ ಮೇಲೆ, ಬೆನ್ನ ಮೇಲೆ ಕೊಳವೆ ಸರಿಸಿ ಸರಿಸಿ ಕೇಳಿದರು. ಅಪ್ಪ ಪೇಟವನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಡಾಕ್ಟರು ನಮ್ಮನ್ನು ಬಿಟ್ಟು ಅವಳನ್ನೇ ಕೇಳಿದರು, ನಿಜವಾಗಿ ಮಲಗಿದ್ದೆಯಾ ಎಂದು.

"ಮಲಗಿದ್ದೆ ಸಾ. ನಮ್ಮಣ್ಣ ಕಥೆ ಯೋಳ್ತಿದ್ದ."

ಎದೆಯೊಳಗಿನ ಕಾಯಿಲೆಯ ಸದ್ದು ಬಹಳ ಕಡಿಮೆಯಾಗಿದೆ ಎಂದರು ಡಾಕ್ಟರು. ನಿಧಾನವಾಗಿ ನಡೆಯಬಹುದು. ಸ್ಕೂಲಿಗೆ ಬೇಸಿಗೆ ರಜೆ ಮುಗಿದ ಮೇಲೆ. ಸೂಜಿ ಬಿಡಬಾರದು, ಓಡಬಾರದು, ಓಟದ ವಿಷಯ ಆಮೇಲೆ ನೋಡೋಣ. ಅಪ್ಪ ಪೇಟ ಇಟ್ಟುಕೊಂಡರು, ಅದು ಸೊಟ್ಟಗೆ ಕೂತಿತು, ಸರಿಮಾಡಿಕೊಳ್ಳಲು ಅವರಿಗೆ ತೋಚಲಿಲ್ಲ.

ಪುಸ್ತಕದ ಕೋಣೆ ಹತ್ತಿರವೇ ಇತ್ತು. ಅಲ್ಲಿಗೆ ಅವಳು ನನ್ನ ಕೈ ಹಿಡಿದು ನಡೆದೇ ಬಂದಳು, ಕಾಲನ್ನು ಪರೀಕ್ಷೆ ಮಾಡಿ ನೋಡುವವಳ ಹಾಗೆ. ಅಪ್ಪ ಕಿತ್ತಳೆ ತರಲು ಹೋದರು. ಏಳನೆಯ ಭಾಗ ತೆಗೆದುಕೊಟ್ಟು ನಾನು ಎದುರಿಗೆ ಕೂತೆ. ಮೊದಲ ಪುಟ ಓದಿದಳು. ಹಾಳೆ ತಿರುವಿದಳು. ಮುಖದಲ್ಲಿ ಏನೂ ಇಲ್ಲ. ನನಗೇ ತಡೆಯಲಾಗಲಿಲ್ಲ. ಕುದುರೆಯ ವಿಷಯ, ಎಂದು ಶುರುಮಾಡಿದೆ.

"ಗೊತ್ತು ಕಣಣ್ಣ" ಅಂದಳು, ಪುಸ್ತಕದಿಂದ ಕಣ್ಣೆತ್ತದೆ.

ಯಾರು ಹೇಳಿದರು ಎಂದು ಕೇಳಿದೆ.

"ನೀನೇ. ಅವತ್ತು ನಾನು ಲೋಟ ಬಾರುಸ್ಲೇ ಇಲ್ಲ, ನೆಪ್ಪಯ್ತಾ? ಹುಲ್ಲು ತಿಂದಿದ್ಕೇ ಅಷ್ಟ್ ಜಗಳ ಆಡ್ದೋನು, ಮಣ್ಣಿನ್ ಕುದ್ರೆ ನೀರಿಗಿಳೀತು ಅಂತೀಯ, ಕರಗಲ್ವಾ ಅಂತ ಒಂದ್ ಮಾತು ಕೇಳ್ಲಿಲ್ಲ. ಅವಾಗ್ಲೇ ಗೊತ್ತಾಯ್ತು."

ಹಾಗಾದರೆ ಅವತ್ತೇ ಏಕೆ ಹಿಡಿಯಲಿಲ್ಲ ಎಂದೆ. ನನ್ನ ದನಿ ವೇದಿಕೆಯ ದನಿಯಾಗಿರಲಿಲ್ಲ.

ಈಗ ಅವಳು ಬೆರಳಿಟ್ಟು ಪುಸ್ತಕ ಮುಚ್ಚಿದಳು. "ನೀನು ಗ್ವಾಡೆ ನೋಡ್ಕಂಡು ಯೋಳ್ತಿದ್ದೆ. ಕೇಳಿದ್ರೆ ಅತ್ಬುಡ್ತಿದ್ದೆ. ನೀನ್ ಅತ್ರೆ ನಾನು ಎದ್ದು ಕುಂತ್ಕಬೇಕಾಗ್ತಿತ್ತು. ಏಳ್ಬಾರ್ದು ಅಂದಿದ್ರಲ್ಲ ಡಾಕ್ಟ್ರು." ಮತ್ತೆ ಪುಸ್ತಕ ತೆರೆಯುತ್ತ, "ನಾನೂ ಅತ್ತೆ. ಅಲ್ಲಾಡ್ದೆ ಅತ್ತೆ" ಎಂದಳು.

ಮಕ್ಕಳ ಪುಸ್ತಕದಲ್ಲಿ ಸಾವು ಇರಬಹುದೇ, ದುಃಖ ಎಷ್ಟಿರಬೇಕು ಎಂದು ತಾಯಿ ತಂದೆಯರು ಕೇಳುತ್ತಾರೆ. ನನ್ನ ಹತ್ತಿರ ಸಿದ್ಧಾಂತವಿಲ್ಲ. ಚನ್ನರಾಯಪಟ್ಟಣದ ಜಗುಲಿಯಲ್ಲಿ ಗೋಲಿ ನಿಲ್ಲಿಸಿದ ಮಕ್ಕಳಿದ್ದಾರೆ, ಹೊಳೆನರಸೀಪುರದ ಮಂಚದ ಮೇಲೆ ಅಲ್ಲಾಡದೆ ಅತ್ತ ಒಬ್ಬಳಿದ್ದಾಳೆ. ನೀವು ಅಡಗಿಸಿಟ್ಟ ಪುಟವನ್ನು ಅವರು ನಿಮ್ಮ ಮುಖದಲ್ಲಿ ಓದಿಕೊಳ್ಳುತ್ತಾರೆ ಎಂದಷ್ಟೇ ಹೇಳಬಲ್ಲೆ.

ಏಳನೆಯದನ್ನು ಮುಗಿಸಿದಳು. ಎಂಟನೆಯದು ಅರ್ಧವಾಗುವಷ್ಟರಲ್ಲಿ ರೈಲಿನ ಹೊತ್ತಾಯಿತೆಂದು ಅಪ್ಪ ಬಾಗಿಲಿಗೆ ಬಂದರು. ಅವಳು ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ನನ್ನ ಕಡೆ ಚಾಚಿದಳು. ಕೇಳಲಿಲ್ಲ. ನಿಯಮ ಅವಳಿಗೆ ಗೊತ್ತಿತ್ತು. ನಾನು ಅದನ್ನು ಪೆಟ್ಟಿಗೆಗೆ ಹಾಕದೆ ಅಪ್ಪನ ಕಿತ್ತಳೆಯ ಚೀಲಕ್ಕೆ ಹಾಕಿದೆ. ಮುಂದಿನ ಸಭೆಯಲ್ಲಿ ನನ್ನ ನಿಯಮವನ್ನು ನಾನೇ ರದ್ದುಮಾಡಿಸಿ, ಎಂಟೂ ಭಾಗ ಒಟ್ಟಿಗೆ ಒಂದೊಂದು ಊರಿನಲ್ಲಿ ಕೆಲವು ತಿಂಗಳು ಇರಲಿ ಎಂದು ಒಪ್ಪಿಸಿದೆ. ಕಥೆಯನ್ನು ಊರಿಗೆರಡರಂತೆ ಹಂಚಿದ್ದರು ಎಂದು ಹೆಡ್ಮಾಸ್ಟರಿಗೆ ಗೊತ್ತಾದದ್ದು ಅಂದೇ. ಅವರು ಬಹಳ ಹೊತ್ತು ಮಂಡಿ ಯಜಮಾನರನ್ನೇ ನೋಡಿದರು. ಯಜಮಾನರು, ಅದು ಒಂದೇ ಗೆಡ್ಡೆ ಅಂತ ಯಾರಾದರೂ ಹೇಳಬೇಕಿತ್ತಲ್ಲ ಸ್ವಾಮಿ ಎಂದರು.

ರೈಲಿನಲ್ಲಿ ತಂಗಿ ಕಿಟಕಿಯ ಪಕ್ಕ ಕೂತು, ಇಷ್ಟು ದಿನ ನೀನು ಹೇಳಿದೆ, ಈಗ ನಾನು ಓದುತ್ತೇನೆ, ಕೇಳು ಎಂದಳು. ಗಟ್ಟಿಯಾಗಿ ಓದಿದಳು. ಅಪ್ಪ ಕಿತ್ತಳೆ ಸುಲಿಯುವುದನ್ನು ಮರೆತು ಕೇಳಿದರು. ಹೇಮಾವತಿಯ ಸೇತುವೆ ಬಂದಾಗ ಗಾಲಿಯ ಸದ್ದಿಗೆ ಅವಳ ದನಿ ಮುಳುಗಿತು. ಪುಟದ ನಡುವೆ ಬೆರಳಿಟ್ಟು ಕೆಳಗೆ ನೋಡಿದಳು. ಬೇಸಿಗೆಯ ಹೊಳೆ ಮರಳಿನ ನಡುವೆ ಸಣ್ಣಗೆ ಹರಿಯುತ್ತಿತ್ತು.

ದಾಟಿದ ಮೇಲೆ ಮತ್ತೆ ಓದಿದಳು. ಬಿಡುಗಡೆಯಾದ ಮಳೆ ಹುಡುಗಿಯ ಊರಿಗೆ ಬಂದಿದೆ. ಅವಳು ಸೆರಗಿನ ಗಂಟು ಬಿಚ್ಚಿ ಆ ಹಿಡಿ ಜೇಡಿಯನ್ನು ನಾದಲು ಕೂತಿದ್ದಾಳೆ. ನಾನು ತಡೆದೆ. ಒಂದು ಹಿಡಿ ಮಣ್ಣಿನಲ್ಲಿ ಇಡೀ ಕುದುರೆ ಹೇಗಾಗುತ್ತದೆ, ಮಿಕ್ಕ ಮಣ್ಣು ಬೇರೆಯದಾದರೆ ಅದು ಅದೇ ಕುದುರೆ ಎನ್ನುವುದು ಹೇಗೆ ಎಂದು ಕೇಳಿದೆ.

ಅವಳು ನನ್ನ ಮುಖವನ್ನೊಮ್ಮೆ ನೋಡಿ, ಕಿಟಕಿಯ ಸರಳಿನ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಾರಿಸಿದಳು.